ಇಪ್ಪತ್ತೆಂಟು ಪೌಂಡಿನ ಗೆರೆ

ಲೋಭವೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವವರು ಯಾವಾಗಲೂ ಬೇರೆಯವರೇ. ಅಡವಿಟ್ಟ ಒಡವೆಯನ್ನು ನುಂಗಿದ ಸಾಹುಕಾರ, ಕಾಳಸಂತೆಯ ವರ್ತಕ, ವರ್ಷ ತಿರುಗುವ ಮೊದಲೇ ಬಾಡಿಗೆ ಏರಿಸುವ ಮನೆಯ ಮಾಲೀಕ, ಇಂಥವರ ಮುಖಗಳೇ ಕಣ್ಣ ಮುಂದೆ ಸುಳಿಯುತ್ತವೆ. ತಿಂಗಳ ಕೊನೆಯ ವಾರದಲ್ಲಿ ಡಬ್ಬಿಯ ತಳ ಕೆರೆಯುವ ನಮ್ಮಂಥವರಿಗೂ ಆ ಶಬ್ದಕ್ಕೂ ಏನು ಸಂಬಂಧವೆಂದು ಸಂಬಳದಾರನಾದ ಪ್ರತಿಯೊಬ್ಬನೂ ಸಮಾಧಾನ ಮಾಡಿಕೊಂಡಿರುತ್ತಾನೆ. ಅರಿಷಡ್ವರ್ಗಗಳಲ್ಲಿ ಮಿಕ್ಕ ಐದನ್ನು ತನ್ನಲ್ಲಿ ಒಪ್ಪಿಕೊಂಡರೂ ಒಪ್ಪಿಕೊಂಡಾನು. ಲೋಭವನ್ನು ಮಾತ್ರ ನೆರೆಮನೆಯವನ ಲೆಕ್ಕಕ್ಕೆ ಬರೆಯುತ್ತಾನೆ.

ಕ್ರೈಸ್ತರ ಸತ್ಯವೇದದಲ್ಲಿ, ಲೂಕನು ಬರೆದ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಬರುವ ಒಂದು ಸಾಮ್ಯ ಈ ಸಮಾಧಾನವನ್ನು ಕೆಡಿಸುತ್ತದೆ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವನ್ನು ತೀರಿಸಿಕೊಡಬೇಕೆಂದು ಒಬ್ಬನು ಯೇಸುಸ್ವಾಮಿಯನ್ನು ಬೇಡಿಕೊಂಡಾಗ, ಅವರು ಪಂಚಾಯಿತಿಗೆ ಕೂರಲು ಒಪ್ಪದೆ ಹೇಳಿದ ಕಥೆ ಅದು. ಒಬ್ಬ ಐಶ್ವರ್ಯವಂತನ ಹೊಲ ಒಂದು ವರ್ಷ ಸೊಗಸಾಗಿ ಬೆಳೆಯಿತು. ಇದ್ದ ಕಣಜಗಳು ಸಾಲದೆ ಹೋದವು. ಇವನ್ನು ಕೆಡವಿ ದೊಡ್ಡವನ್ನು ಕಟ್ಟಿಸುತ್ತೇನೆ, ದವಸವನ್ನೆಲ್ಲ ತುಂಬಿಟ್ಟು ಇನ್ನು ಹಲವು ವರ್ಷ ನಿಶ್ಚಿಂತೆಯಾಗಿ ಉಂಡು ಕುಡಿದು ಇರುತ್ತೇನೆ ಎಂದು ಅವನು ತನ್ನೊಳಗೆ ತಾನೇ ಅಂದುಕೊಂಡನು. ಅದೇ ರಾತ್ರಿ ಅವನ ಆಯುಷ್ಯ ತೀರಿತು.

ಈ ಮನುಷ್ಯನು ಮಾಡಿದ ತಪ್ಪಾದರೂ ಏನು? ಅವನು ತೂಕದಲ್ಲಿ ಮೋಸ ಮಾಡಿದನೆಂದು ಕಥೆಯಲ್ಲಿ ಇಲ್ಲ. ಆಳಿನ ಕೂಲಿಯನ್ನು ಹಿಡಿದುಕೊಂಡನೆಂದೂ ಇಲ್ಲ. ಮಳೆ ಬಂದಿತು, ಬೆಳೆ ಬಂದಿತು, ಅಷ್ಟೆ. ಆದರೆ ಅವನ ಮಾತಿನಲ್ಲೆಲ್ಲ ನನ್ನದು ನನ್ನದು ಎಂಬುದೇ ಹೊರತು ಎರಡನೆಯ ಮನುಷ್ಯನ ಸುಳಿವಿಲ್ಲ. ಬೆಳೆ ಹೆಚ್ಚಿದಾಗ ಅವನಿಗೆ ಹೊಳೆದ ಪ್ರಶ್ನೆ ಒಂದೇ: ಕಣಜವನ್ನು ಎಷ್ಟು ದೊಡ್ಡದು ಮಾಡಲಿ?

ಕಣಜ ಕೆಡವುವ ಈ ಕೆಲಸ ನಮ್ಮ ಮನೆಗಳಲ್ಲಿಯೂ ಬೇರೆ ಹೆಸರಿನಿಂದ ನಡೆಯುತ್ತದೆ. ತುಟ್ಟಿಭತ್ಯೆಯ ಬಾಕಿ ಕೈಗೆ ಬಂದ ತಿಂಗಳು, ನಿನ್ನೆಯವರೆಗೆ ಸಾಕಷ್ಟು ದೊಡ್ಡದಾಗಿದ್ದ ಫ್ರಿಜ್ಜು ಇದ್ದಕ್ಕಿದ್ದಂತೆ ಚಿಕ್ಕದಾಗಿ ಬಿಡುತ್ತದೆ. ಬಡ್ತಿ ಬಂದರೆ ಮನೆಯೇ ಇಕ್ಕಟ್ಟಾಗುತ್ತದೆ. ಸಂಬಳ ಹತ್ತು ಮೆಟ್ಟಿಲು ಹತ್ತಿತೆಂದರೆ ಬೇಕುಗಳು ಹನ್ನೊಂದನೆಯ ಮೆಟ್ಟಿಲಿನಲ್ಲಿ ಕುಳಿತು ಕೈಬೀಸುತ್ತಿರುತ್ತವೆ. ಇದರಲ್ಲಿ ಯಾರನ್ನೂ ವಂಚಿಸಿದಂತಾಗಲಿಲ್ಲವಾದ್ದರಿಂದ ಇದಕ್ಕೆ ಲೋಭವೆಂದು ಹೆಸರಿಡಲು ನಮಗೆ ತೋಚುವುದಿಲ್ಲ. ಜೀವನಮಟ್ಟ ಎಂಬ ಗೌರವದ ಹೆಸರಿದೆ.

ಈ ಸಾಮ್ಯವನ್ನು ಉಪದೇಶದ ಮಟ್ಟದಲ್ಲಿಯೇ ಬಿಡದೆ ಮನೆಯ ಜಮಾಖರ್ಚಿನ ಪುಸ್ತಕಕ್ಕೆ ಇಳಿಸಿದವರೊಬ್ಬರ ವಿಷಯವನ್ನು ಈ ಸಲ ಬರೆಯಬೇಕೆಂದಿದ್ದೇನೆ. ಅವರು ಇಂಗ್ಲೆಂಡಿನ ಜಾನ್ ವೆಸ್ಲಿ. 1703ರಲ್ಲಿ ಹುಟ್ಟಿ 1791ರಲ್ಲಿ ತೀರಿಕೊಂಡ ಧರ್ಮೋಪದೇಶಕರು. ಮೆಥಡಿಸ್ಟ್ ಎಂಬ ಪಂಗಡ ಅವರಿಂದ ಮೊದಲಾಯಿತು. ಮೈಸೂರಿನ ಕಡೆಯ ಹಿರಿಯರಿಗೆ ಈ ಹೆಸರು ಹೊಸದೇನಲ್ಲ. ವೆಸ್ಲಿ ಪ್ರೆಸ್ಸಿನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳನ್ನು ಅವರಲ್ಲಿ ಅನೇಕರು ಕಂಡಿದ್ದಾರೆ. ಮೈಸೂರಿನಲ್ಲಿ 1906ರಲ್ಲಿ ಬಾಗಿಲು ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುತ್ತಿದ್ದುದು ವೆಸ್ಲಿಯವರ ಪಂಗಡದ ಮಿಷನ್ನಿನಿಂದಲೇ. ಹೆಸರು ನಮ್ಮ ಊರಿನ ಗೋಡೆಗಳ ಮೇಲೆ ಇದ್ದಿತು. ಮನುಷ್ಯನ ಪರಿಚಯ ಮಾತ್ರ ನಮ್ಮಲ್ಲಿ ಕಡಮೆ.

ವೆಸ್ಲಿಯವರ ತಂದೆ ಎಪ್‌ವರ್ತ್ ಎಂಬ ಹಳ್ಳಿಯ ಪಾದ್ರಿ. ಮನೆಯ ತುಂಬ ಮಕ್ಕಳು, ತಲೆಯ ತುಂಬ ಸಾಲ. 1705ರಲ್ಲಿ, 30 ಪೌಂಡಿಗಿಂತ ಕಡಮೆಯಾದ ಒಂದು ಸಾಲಕ್ಕಾಗಿ ಆ ಪಾದ್ರಿಯನ್ನು ಲಿಂಕನ್ ಕೋಟೆಯ ಸೆರೆಮನೆಗೆ ಹಾಕಿದರು. ಆಗ ಜಾನ್ ಎರಡು ವರ್ಷದ ಕೂಸು. ಬಡತನವು ಪುಣ್ಯವೆಂದು ಹಾಡಿ ಹೊಗಳುವವರ ಗುಂಪಿಗೆ ಅವರು ಎಂದೂ ಸೇರಲಿಲ್ಲವೆಂಬುದಕ್ಕೆ ಇದೂ ಒಂದು ಕಾರಣವಿರಬಹುದು. ಹಣವನ್ನು ಬೈಯುವುದು ಕವಿಗಳ ಬರಿಯ ವಾಗಾಡಂಬರವೆಂದೇ ಅವರ ಅಭಿಪ್ರಾಯ. ಹಸಿದವನಿಗೆ ಅನ್ನ, ಬೆತ್ತಲೆಯವನಿಗೆ ಬಟ್ಟೆ, ರೋಗಿಗೆ ಔಷಧ ಆಗಬಲ್ಲ ವಸ್ತುವನ್ನು ಕೆಟ್ಟದ್ದೆನ್ನುವುದು ಹೇಗೆ? ಹಣವೇ ಎಲ್ಲ ಕೇಡಿಗೂ ಬೇರು ಎಂಬುದು ಬೈಬಲ್ಲಿನ ಮಾತೆಂದು ಜನ ಆಡಿಕೊಳ್ಳುವುದುಂಟು. ಪೌಲನು ಹೇಳಿದ್ದು ಹಣದ ಮಾತನ್ನಲ್ಲ, ಹಣದ ಮೇಲಿನ ಮೋಹದ ಮಾತನ್ನು. ಎರಡಕ್ಕೂ ನಡುವೆ ಇರುವ ಅಂತರ ದೊಡ್ಡದು.

ವೆಸ್ಲಿಯವರು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾಗಿದ್ದ ದಿನಗಳ ಒಂದು ಪ್ರಸಂಗವನ್ನು ಅವರೇ ವೃದ್ಧಾಪ್ಯದಲ್ಲಿ ನೆನೆದಿದ್ದಾರೆ. ಚಳಿಗಾಲದಲ್ಲಿ ಒಬ್ಬ ಬಡ ಹುಡುಗಿ ಅವರ ಕೋಣೆಗೆ ಬಂದಳು. ಮೈಮೇಲೆ ಇದ್ದುದು ತೆಳುವಾದ ನಾರುಬಟ್ಟೆಯ ಅಂಗಿಯೊಂದೇ. ಏನಾದರೂ ಕೊಡೋಣವೆಂದು ಜೇಬಿಗೆ ಕೈಹಾಕಿದರೆ ಅಲ್ಲಿ ಇದ್ದದ್ದು ಅತ್ಯಲ್ಪ. ಉಳಿದದ್ದೆಲ್ಲ ಎಲ್ಲಿ ಹೋಯಿತು? ತಲೆಯೆತ್ತಿ ನೋಡಿದರು, ಗೋಡೆಯ ಮೇಲೆ ಚೆಂದಕ್ಕಾಗಿ ತೂಗುಹಾಕಿದ್ದ ಚಿತ್ರಪಟಗಳು ಕಂಡವು. ಆ ಪಟಗಳಲ್ಲಿ ಆ ಹುಡುಗಿಯ ರಕ್ತವೇ ಇದೆಯೆಂದು ಅವರಿಗೆ ಅನ್ನಿಸಿತಂತೆ. ಇದು ಅತಿಯಾಯಿತೆಂದು ನಮಗೆ ತೋರಬಹುದು. ಪಟ ತೂಗುಹಾಕುವುದು ಪಾಪವೇ? ಅಲ್ಲವೆಂದೇ ನಾನೂ ಹೇಳುತ್ತೇನೆ. ಆದರೆ ಪಟ ಕೊಂಡ ಹಣಕ್ಕೂ ಹುಡುಗಿಯ ಚಳಿಗೂ ಸಂಬಂಧವಿದೆಯೆಂದು ಕಂಡ ಕಣ್ಣು ಸಾಮಾನ್ಯವಾದುದಲ್ಲ.

ಅಲ್ಲಿಂದ ಮುಂದೆ ನಡೆದದ್ದು ಗುಮಾಸ್ತರಾದ ನಮಗೆ ಚೆನ್ನಾಗಿ ಅರ್ಥವಾಗುವಂಥದು. ಏಕೆಂದರೆ ಅದು ಬರಿಯ ಅಂಕಿಗಳ ಕಥೆ. ಹೆಸರು ಹೇಳದೆ, ಆಕ್ಸ್‌ಫರ್ಡಿನ ಗೆಳೆಯರಲ್ಲಿ ಒಬ್ಬನ ಲೆಕ್ಕವೆಂದು ಅವರು ಒಂದು ಉಪದೇಶದಲ್ಲಿ ಇದನ್ನು ಹೇಳುತ್ತಾರೆ. ಆ ಒಬ್ಬನು ಅವರೇ ಎಂಬುದು ಎಲ್ಲರ ತಿಳಿವಳಿಕೆ. ಮೊದಲ ವರ್ಷ ಅವನ ವರಮಾನ 30 ಪೌಂಡು. 28 ಪೌಂಡಿನಲ್ಲಿ ಜೀವನ ನಡೆಸಿ 2 ಪೌಂಡನ್ನು ಬಡವರಿಗೆ ಕೊಟ್ಟನು. ಎರಡನೆಯ ವರ್ಷ ವರಮಾನ 60 ಪೌಂಡಾಯಿತು. ಜೀವನ 28ರಲ್ಲಿಯೇ, ಕೊಟ್ಟದ್ದು 32. ಮೂರನೆಯ ವರ್ಷ 90 ಬಂದಿತು, 62 ಹೋಯಿತು. ನಾಲ್ಕನೆಯ ವರ್ಷ 120 ಪೌಂಡು. ಆಗಲೂ ಅದೇ 28ರಲ್ಲಿ ಬದುಕಿ 92 ಪೌಂಡನ್ನು ಕೊಟ್ಟುಬಿಟ್ಟನು.

ಈ ಲೆಕ್ಕದಲ್ಲಿ ನಾವು ಬೆರಗಾಗಬೇಕಾದ ಅಂಕಿ 92 ಅಲ್ಲ, 28. ನೂರಿಪ್ಪತ್ತು ಬಂದವನು ತೊಂಬತ್ತೆರಡು ಕೊಟ್ಟನೆಂದರೆ ದಾನಿಯೆಂದು ಹೊಗಳಿ ಸುಮ್ಮನಾಗುತ್ತೇವೆ. ನಮ್ಮಲ್ಲಿಯೂ ದಾನಿಗಳಿಗೆ ಬರಗಾಲವಿಲ್ಲ. ಆದರೆ ಇಷ್ಟು ಸಾಕು ಎಂದು ಒಂದು ಗೆರೆ ಎಳೆದು, ಕೆಳಗಿನ ನೀರು ಏರುತ್ತಿದ್ದರೂ ಆ ಗೆರೆಯನ್ನು ಮೇಲಕ್ಕೆ ಸರಿಸದೆ ಇರುವುದು ಬೇರೆಯೇ ಒಂದು ಸಾಹಸ. ಅದನ್ನು ಓದುವಾಗ ನಮ್ಮ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಕಲ್ಯಾಣದ ಅಂಗಳದಲ್ಲಿ ಅಕ್ಕಿ ಆಯ್ದು ತರುತ್ತಿದ್ದ ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ನಮಗೆ ಎಂದಿನಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿದ ಗೃಹಿಣಿ ಆಕೆ. ದೇಶ ಬೇರೆ, ಕಾಲ ಬೇರೆ, ದೇವರ ಹೆಸರು ಬೇರೆ, ಗೆರೆ ಒಂದೇ.

ಇರಲಿ. ವೆಸ್ಲಿಯವರು ಇದನ್ನು ತಮ್ಮೊಬ್ಬರ ವ್ರತವನ್ನಾಗಿ ಇಟ್ಟುಕೊಳ್ಳದೆ ಜನರಿಗೂ ಬೋಧಿಸಿದರು. ಹಣದ ಉಪಯೋಗವೆಂಬ ಅವರ ಪ್ರಸಿದ್ಧ ಉಪದೇಶ 1760ರಲ್ಲಿ ಅಚ್ಚಾಯಿತು. ಅದರ ಸಾರ ಮೂರು ಮಾತು: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಮೊದಲನೆಯದನ್ನು ಕೇಳಿ ವರ್ತಕರಿಗೆ ಸಂತೋಷವಾಗಿರಬೇಕು. ಆದರೆ ಅದರ ಬೆನ್ನಿಗೇ ಷರತ್ತುಗಳ ಸಾಲು ಬರುತ್ತದೆ. ನಿನ್ನ ಆರೋಗ್ಯ ಕೆಡಿಸಿಕೊಂಡು ಗಳಿಸಬೇಡ. ಸುಳ್ಳು ಹೇಳಿ ಮನಸ್ಸು ಕೆಡಿಸಿಕೊಂಡು ಗಳಿಸಬೇಡ. ನೆರೆಯವನ ಹೊಟ್ಟೆಯ ಮೇಲೆ ಹೊಡೆದು ಗಳಿಸಬೇಡ. ಪಕ್ಕದ ಅಂಗಡಿಯವನನ್ನು ಮುಳುಗಿಸಲೆಂದೇ ಧಾರಣೆ ಇಳಿಸಿ ಮಾರುವುದು, ಅವನ ಕೆಲಸಗಾರರನ್ನು ಸೆಳೆದುಕೊಳ್ಳುವುದು, ಸಾರಾಯಿ ಮಾರುವುದು, ಫೀಸಿನ ಆಸೆಗೆ ರೋಗವನ್ನು ಬೇಕೆಂದೇ ಎಳೆದಾಡಿಸುವ ವೈದ್ಯನ ವೃತ್ತಿ, ಇವೆಲ್ಲ ಆ ಪಟ್ಟಿಯಲ್ಲಿವೆ. ಬ್ರಿಸ್ಟಲ್ ಬಂದರಿನ ಐಶ್ವರ್ಯಕ್ಕೆ ಗುಲಾಮರ ವ್ಯಾಪಾರವೇ ಬೇರಾಗಿದ್ದ ಕಾಲವದು. ಅದೇ ಬ್ರಿಸ್ಟಲಿನಲ್ಲಿ ದೊಡ್ಡ ಸಭೆಯುಳ್ಳ ವೆಸ್ಲಿಯವರು 1774ರಲ್ಲಿ ಆ ವ್ಯಾಪಾರವನ್ನು ಖಂಡಿಸಿ ಪುಸ್ತಕ ಬರೆದರು. ಕೆಟ್ಟ ದಾರಿಯಲ್ಲಿ ಬಂದ ಹಣವನ್ನು ಒಳ್ಳೆಯ ಕೆಲಸಕ್ಕೆ ಕೊಟ್ಟು ತೊಳೆದುಕೊಳ್ಳಬಹುದೆಂಬ ನಂಬಿಕೆ ಅವರಲ್ಲಿ ಇರಲಿಲ್ಲ.

ಸಂಬಳದ ಜೊತೆಗೆ ಗಿಂಬಳ ಎಂಬ ಪದವನ್ನು ಹುಟ್ಟಿಸಿದ ಕನ್ನಡಿಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಸುವಾರ್ತೆಯಲ್ಲಿ ಜಕ್ಕಾಯನೆಂಬ ಸುಂಕದ ಅಧಿಕಾರಿಯೊಬ್ಬನಿದ್ದಾನೆ. ಗಿಡ್ಡ ಆಸಾಮಿ, ಗುಂಪಿನಲ್ಲಿ ಯೇಸುಸ್ವಾಮಿಯನ್ನು ನೋಡಲಾಗದೆ ಅತ್ತಿಯ ಜಾತಿಯ ಮರವೊಂದನ್ನು ಹತ್ತಿ ಕುಳಿತವನು. ಸ್ವಾಮಿ ಅವನ ಮನೆಗೇ ಬಂದರು. ಆಗ ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿ ಹೇಳಿದನು. ಅಲ್ಲಿಗೆ ನಿಲ್ಲಿಸಿದ್ದರೆ ಸಭೆಯಲ್ಲಿ ಹಾರ ಬೀಳುತ್ತಿತ್ತು. ಆದರೆ ಅವನು, ಅನ್ಯಾಯವಾಗಿ ಯಾರಿಂದ ಏನು ತೆಗೆದುಕೊಂಡಿದ್ದರೂ ಅವರಿಗೇ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದೂ ಸೇರಿಸಿದನು. ದಾನದ ಲೆಕ್ಕ ಬೇರೆ, ವಾಪಸಿನ ಲೆಕ್ಕ ಬೇರೆ. ದೇವಸ್ಥಾನದ ಹುಂಡಿಗೂ ಚರ್ಚಿನ ತಟ್ಟೆಗೂ ದೊಡ್ಡ ನೋಟು ಹಾಕಿ ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳುವವರನ್ನು ನಾವೆಲ್ಲರೂ ನೋಡಿದ್ದೇವೆ.

ಉಳಿಸುವ ವಿಷಯದಲ್ಲಿ ವೆಸ್ಲಿಯವರು ನಮಗೆ ತುಸು ಹೆಚ್ಚೇ ಕಠಿಣರಾಗಿ ಕಾಣುತ್ತಾರೆ. 1746ರಲ್ಲಿ, ಚಹಕ್ಕೆ ಹೋಗುವ ಹಣ ಬಡವರಿಗೆ ಉಳಿಯಲೆಂದೂ ತಮ್ಮ ನರಗಳ ನಡುಕ ನಿಲ್ಲಲೆಂದೂ ಚಹ ಕುಡಿಯುವುದನ್ನೇ ಬಿಟ್ಟರು. ಇಪ್ಪತ್ತಾರು ವರ್ಷದ ಅಭ್ಯಾಸ. ಮೊದಲ ಮೂರು ದಿನ ತಲೆನೋವು, ಇಡೀ ದಿನ ತೂಕಡಿಕೆ, ಮೂರನೆಯ ದಿನವಂತೂ ನೆನಪಿನ ಶಕ್ತಿಯೇ ಕೈಕೊಟ್ಟಿತೆಂದು ಬರೆದಿದ್ದಾರೆ. ಬೆಳಗಿನ ಕಾಫಿ ಅರ್ಧ ಗಂಟೆ ತಡವಾದರೆ ಮನೆಯವರ ಮೇಲೆ ಹಾರಾಡುವ ನಮ್ಮ ಜನಕ್ಕೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಹನ್ನೆರಡು ವರ್ಷಗಳ ಮೇಲೆ ವೈದ್ಯರ ಸಲಹೆಯಂತೆ ಅವರು ಮತ್ತೆ ಚಹ ಕುಡಿಯತೊಡಗಿದರೆಂದು ತಿಳಿದಾಗ ನನಗಂತೂ ಸಮಾಧಾನವಾಯಿತು.

ಕೊಡುವುದರಲ್ಲಿಯೂ ಅವರದು ಕುರುಡು ಧಾರಾಳವಲ್ಲ. ಮೊದಲು ನಿನ್ನ ಅಗತ್ಯ, ಆಮೇಲೆ ನಿನ್ನ ಹೆಂಡತಿ ಮಕ್ಕಳು ಆಳುಕಾಳುಗಳ ಅಗತ್ಯ, ಮಿಕ್ಕರೆ ಸಭೆಯ ಬಡವರು, ಇನ್ನೂ ಮಿಕ್ಕರೆ ಲೋಕದ ಯಾರಾದರೂ ಸರಿ, ಎಂದು ಕ್ರಮ ಹಾಕಿಕೊಟ್ಟರು. ಇದರ ತಳಹದಿ, ಸತ್ಯವೇದದಲ್ಲಿ ಮತ್ತೆ ಮತ್ತೆ ಬರುವ ಮನೆವಾರ್ತೆಯವನ ಕಲ್ಪನೆ. ಮನೆವಾರ್ತೆಯವನೆಂದರೆ ಯಜಮಾನನ ಆಸ್ತಿಯನ್ನು ನೋಡಿಕೊಳ್ಳುವವನು, ಯಜಮಾನನಲ್ಲ. ಕಚೇರಿಯ ಖಜಾಂಚಿಯನ್ನು ನೋಡಿ: ದಿನವಿಡೀ ಕಟ್ಟುಕಟ್ಟು ನೋಟು ಎಣಿಸುತ್ತಾನೆ, ಸಂಜೆ ಶಿಲ್ಕು ತಾಳೆ ನೋಡಿ ಸಹಿ ಹಾಕುತ್ತಾನೆ, ಬಸ್ಸಿನ ಚಿಲ್ಲರೆಯನ್ನು ತನ್ನ ಜೇಬಿನಿಂದಲೇ ಕೊಟ್ಟು ಮನೆಗೆ ಹೋಗುತ್ತಾನೆ. ಪೆಟ್ಟಿಗೆಯಲ್ಲಿ ಲಕ್ಷ ಇದ್ದಿತೆಂದು ಬೀಗುವುದಿಲ್ಲ. ಖಾಲಿಯಾಯಿತೆಂದು ಅಳುವುದೂ ಇಲ್ಲ. ಮನೆಯ ಬೀರುವಿನ ಮುಂದೆಯೂ ಹಾಗೆಯೇ ನಿಲ್ಲು ಎಂಬುದು ಈ ಬೋಧನೆ. ಹತ್ತು ಗಂಟೆಯಿಂದ ಐದೂವರೆಯವರೆಗೆ ನಮಗೆ ಸುಲಭವಾಗಿರುವುದು ಆರು ಗಂಟೆಗೆ ಏಕೆ ಅಸಾಧ್ಯವಾಗುತ್ತದೆಯೋ ತಿಳಿಯದು.

ಬರಿಯ ಭಿಕ್ಷೆಯಲ್ಲಿ ಅವರಿಗೆ ನಂಬಿಕೆ ಕಡಮೆ. ಲಂಡನ್ನಿನಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. ಅದೇ ಕಾಲದಲ್ಲಿ 30 ಪೌಂಡು 16 ಶಿಲಿಂಗು ಕೂಡಿಸಿ ಒಂದು ಸಾಲದ ನಿಧಿ ಮಾಡಿದರು. ಒಬ್ಬರಿಗೆ 20 ಶಿಲಿಂಗಿನವರೆಗೆ, ವಾರವಾರವೂ ಕಟ್ಟುತ್ತ ಮೂರು ತಿಂಗಳಲ್ಲಿ ತೀರಿಸಬೇಕು, ಬಡ್ಡಿ ಇಲ್ಲ. ಆ ಅಲ್ಪ ಗಂಟಿನಿಂದ ಹದಿನೆಂಟು ತಿಂಗಳಲ್ಲಿ 255 ಜನಕ್ಕೆ ನೆರವಾಯಿತೆಂದು ಅವರ ಲೆಕ್ಕ. ಪರಊರಿನಲ್ಲಿ ಮೊದಲ ಸಂಬಳ ಬರುವ ತನಕ ಊರಿನವರಿಂದ ಕೈಗಡ ಪಡೆದ ನಮ್ಮ ಕುಟುಂಬಗಳಿಗೆ 20 ಶಿಲಿಂಗಿನ ಬೆಲೆ ಗೊತ್ತು. ಮುಂದೆ ಸಾಲದ ಮಿತಿ ಹೆಚ್ಚಿದಾಗ, ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಚಮ್ಮಾರ ವೃತ್ತಿಯ ಯುವಕ ಇದೇ ನಿಧಿಯಿಂದ 5 ಪೌಂಡು ತೆಗೆದುಕೊಂಡು ಹಳೆಯ ಪುಸ್ತಕಗಳ ಅಂಗಡಿಯನ್ನು ಬೆಳೆಸಿದನು. ಕಾಲಕ್ರಮದಲ್ಲಿ ಲಂಡನ್ನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾದನು. ದೊಡ್ಡವನಾದ ಮೇಲೆ ಆತ್ಮಕಥೆ ಬರೆದು ಮೆಥಡಿಸ್ಟರನ್ನು ಚೆನ್ನಾಗಿ ಗೇಲಿಮಾಡಿದನು! ಆಮೇಲೆ ಪಶ್ಚಾತ್ತಾಪಪಟ್ಟು ಅವರಿಗೆ ಪ್ರಾರ್ಥನಾಮಂದಿರಗಳನ್ನು ಕಟ್ಟಿಸಿಕೊಟ್ಟನೆನ್ನಿ.

ಲ್ಯಾಕಿಂಗ್ಟನ್ನನದು ಒಬ್ಬನ ಕಥೆ. ವೆಸ್ಲಿಯವರಿಗೆ ನಿಜವಾದ ನೋವಾದದ್ದು ತಮ್ಮ ಪಂಗಡದ ಒಟ್ಟು ಕಥೆಯಿಂದ. ಅವರ ಮಾತು ಕೇಳಿ ಜನ ಕುಡಿತ ಬಿಟ್ಟರು, ಹೊತ್ತಿಗೆ ಮುಂಚೆ ಎದ್ದರು, ಮೈಮುರಿದು ದುಡಿದರು, ಕಾಸಿಗೆ ಕಾಸು ಕೂಡಿಸಿದರು. ಸಹಜವಾಗಿಯೇ ಶ್ರೀಮಂತರಾದರು. ಶ್ರೀಮಂತರಾದೊಡನೆ ಮೂರನೆಯ ಮಾತು ಅವರ ಕಿವಿಗೆ ಮಂದವಾಗಿ ಕೇಳಿಸತೊಡಗಿತು. ಧರ್ಮವು ದುಡಿಮೆಯನ್ನೂ ಮಿತವ್ಯಯವನ್ನೂ ಹುಟ್ಟಿಸುತ್ತದೆ, ಅವೆರಡೂ ಸೇರಿ ಸಂಪತ್ತನ್ನು ಹುಟ್ಟಿಸುತ್ತವೆ, ಸಂಪತ್ತು ಬಂದು ಧರ್ಮವನ್ನೇ ತಿಂದುಹಾಕುತ್ತದೆ. ಹಾಗಾದರೆ ಧರ್ಮವು ಬಾಳುವುದೆಂತು ಎಂದು 1786ರಲ್ಲಿ ಅವರು ಕಳವಳಪಟ್ಟು ಬರೆದರು. ಮುಂದೆ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನು ಬಂಡವಾಳಶಾಹಿಯ ಮೂಲವನ್ನು ಹುಡುಕುತ್ತ ಬರೆದ ಪ್ರಬಂಧದಲ್ಲಿ ಈ ಬರಹವನ್ನೇ ಸಾಕ್ಷಿಯಾಗಿ ಎತ್ತಿಕೊಂಡನು. ಇನ್ನೂ ಮೂರು ವರ್ಷ ಕಳೆದ ಮೇಲೆ ವೆಸ್ಲಿಯವರ ಮಾತು ಮತ್ತಷ್ಟು ಖಾರವಾಯಿತು: ಐವತ್ತು ಸಾವಿರ ಮೆಥಡಿಸ್ಟರಲ್ಲಿ ಮೂರು ಮಾತನ್ನೂ ನಡೆಸುವವರು ಐನೂರು ಮಂದಿ ಸಿಕ್ಕಾರೆಯೆ ಎಂದು ಕೇಳಿದರು. ಎರಡು ಮಾತು ಹಿಡಿದು ಮೂರನೆಯದನ್ನು ಬಿಟ್ಟವನ ಗತಿ, ಏನೂ ಹಿಡಿಯದವನ ಗತಿಗಿಂತ ಕಡೆಯೆಂದು ಅವರ ತೀರ್ಮಾನ. ಉಪದೇಶ ಕೇಳದವನು ಕುಡಿದು ಬಡವನಾಗಿಯೇ ಇರುತ್ತಿದ್ದನಷ್ಟೆ. ಇವನಾದರೋ ಉಪದೇಶದಿಂದಲೇ ಲೋಭಿಯಾದನು.

ಇದನ್ನು ಓದಿದಾಗ ನನಗೆ ನಮ್ಮವರೇ ನೆನಪಾದರು. ಒಂದು ಪೆಟ್ಟಿಗೆ ಒಂದು ಹಾಸಿಗೆಯೊಂದಿಗೆ ಊರು ಬಿಟ್ಟು ಬಂದು, ಒಂದೇ ಕೋಣೆಯಲ್ಲಿ ಆರು ಜನ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರು ನಮ್ಮ ಸಂಘಗಳನ್ನು ಕಟ್ಟಿತು. ದುಡಿಮೆ, ಉಳಿತಾಯ ಎರಡರಲ್ಲಿಯೂ ಅವರನ್ನು ಮೀರಿಸುವವರಿಲ್ಲ. ಈಗ ಮಕ್ಕಳಿಗೆ ಸ್ವಂತ ಮನೆಯಿದೆ, ಊರಿನಲ್ಲಿ ಬೀಗ ಹಾಕಿದ ಎರಡನೆಯ ಮನೆಯಿದೆ. ಮದುವೆಗೆ ಬೇಕಾದ ಲಕ್ಷಗಳು ಹೇಗೋ ಒದಗುತ್ತವೆ; ಬಡ ಹುಡುಗನ ಫೀಸಿಗಾಗಿ ಪಟ್ಟಿ ಬಂದಾಗ ಈ ತಿಂಗಳು ಕೈ ಬಿಗಿಯಾಗಿದೆ. ಸುಳ್ಳೇನಲ್ಲ, ನಿಜವಾಗಿಯೂ ಬಿಗಿಯಾಗಿಯೇ ಇರುತ್ತದೆ. ಗೆರೆ ಮೇಲೇರಿರುವುದರಿಂದ ಬಿಗಿಯಾಗಿದೆ.

ವೆಸ್ಲಿಯವರ ಮಾದರಿಗೆ ಒಂದು ಆಕ್ಷೇಪಣೆ ಉಂಟು, ಅದನ್ನು ಮುಚ್ಚಿಡಬಾರದು. ಗೆರೆ ಎಳೆದಾಗ ಅವರು ಒಬ್ಬಂಟಿ. 1751ರಲ್ಲಿ ಮಕ್ಕಳಿದ್ದ ವಿಧವೆಯೊಬ್ಬರನ್ನು ಮದುವೆಯಾದರು. ಆ ದಾಂಪತ್ಯ ಸುಖವಾಗಲಿಲ್ಲ. ಸ್ವಂತ ಮಕ್ಕಳು ಆಗಲಿಲ್ಲ. ವಯಸ್ಸಾದ ತಾಯಿತಂದೆ, ಶಾಲೆಗೆ ಹೋಗುವ ಮಕ್ಕಳು, ನಾಳೆಯ ಆಸ್ಪತ್ರೆಯ ಖರ್ಚು ಇವನ್ನು ಹೊತ್ತ ಸಂಸಾರಿ 28 ಪೌಂಡಿನಲ್ಲಿ ಹೆಜ್ಜೆ ಊರಿ ನಿಲ್ಲಲಾರ. ನಿಲ್ಲಬೇಕೆಂದು ಮನೆಯಾಕೆಯ ಮೇಲೆ ಹೇರಿದರೆ ಅದು ಇನ್ನೊಂದು ಬಗೆಯ ಕ್ರೌರ್ಯ. ಮನೆಗೆ ಬೇಕಾದುದನ್ನು ಒದಗಿಸದವನು ದೇವರಿಗೂ ದೂರವೆಂದು ಕ್ರೈಸ್ತಶಾಸ್ತ್ರವೇ ಹೇಳುತ್ತದೆ. ಅಂಕಿ ಅವರದೇ ಆಗಬೇಕಾಗಿಲ್ಲ. ಇನ್ನೂರ ಎಂಬತ್ತಾಗಲಿ, ಇಪ್ಪತ್ತೆಂಟು ಸಾವಿರವಾಗಲಿ, ಗಂಡಹೆಂಡಿರು ಕೂಡಿ ಕುಳಿತು ಒಂದು ಕಾಗದದ ಮೇಲೆ ಬರೆಯಲಿ. ಬೆಲೆಗಳು ಏರಿದಷ್ಟು ಏರಿಸಿಕೊಳ್ಳಲಿ. ಪಕ್ಕದ ಮನೆಯವರು ಏರಿದಷ್ಟು ಏರಿಸದಿದ್ದರೆ ಆಯಿತು. ಆ ಕಾಗದ ಎಷ್ಟು ಮನೆಗಳಲ್ಲಿ ಇದೆ?

ವೆಸ್ಲಿಯವರ ಗೆರೆ ಕೊನೆಯ ತನಕವೂ ಹೆಚ್ಚು ಸರಿಯಲಿಲ್ಲ. ಅವರು ಬರೆದ ಚಿಕ್ಕ ಪುಸ್ತಕಗಳು ತಾವು ಕನಸಿನಲ್ಲಿಯೂ ಎಣಿಸದಷ್ಟು ಮಾರಾಟವಾಗಿ, ತಮಗರಿಯದಂತೆಯೇ ಶ್ರೀಮಂತರಾದರು. ಬಂದದ್ದು ಬಂದ ಹಾಗೆಯೇ ಹೋಯಿತು. 1776ರಲ್ಲಿ ಸರಕಾರದವರು ಬೆಳ್ಳಿಯ ಪಾತ್ರೆಗಳ ಮೇಲಿನ ತೆರಿಗೆಗಾಗಿ, ಇಷ್ಟು ಹೆಸರಾದ ಮನುಷ್ಯ ಬೆಳ್ಳಿಯನ್ನು ಬಚ್ಚಿಟ್ಟಿರಬೇಕೆಂದು ಸಂಶಯಪಟ್ಟು ಲೆಕ್ಕ ಕೇಳಿದರು. ಲಂಡನ್ನಿನಲ್ಲಿ ಎರಡು ಚಮಚ, ಬ್ರಿಸ್ಟಲಿನಲ್ಲಿ ಎರಡು ಚಮಚ ಇವೆ, ಸುತ್ತಲೂ ಇಷ್ಟು ಜನ ಅನ್ನವಿಲ್ಲದೆ ಇರುವಾಗ ಇನ್ನು ಕೊಳ್ಳುವುದಿಲ್ಲ ಎಂದು ಅವರು ಉತ್ತರ ಬರೆದರು. ನಮ್ಮ ಕಚೇರಿಗಳಿಗೆ ಬರುವ ಜವಾಬುಗಳಲ್ಲಿ ಇಷ್ಟು ಚಿಕ್ಕದನ್ನು ನಾನು ಕಂಡಿಲ್ಲ. 1785ರ ಜನವರಿಯಲ್ಲಿ, 81ರ ವಯಸ್ಸಿನಲ್ಲಿ, ಬಡವರ ಬಟ್ಟೆಗಾಗಿ 200 ಪೌಂಡು ಕೂಡಿಸಲೆಂದು ಆ ಮುದುಕ ಕರಗುತ್ತಿದ್ದ ಮಂಜಿನಲ್ಲಿ ಹರಡು ಮುಳುಗುವಂತೆ ನಡೆಯುತ್ತ, ಬೆಳಗಿನಿಂದ ಸಂಜೆಯವರೆಗೆ ಐದು ದಿನ ಲಂಡನ್ನಿನ ಬೀದಿಗಳಲ್ಲಿ ಬೇಡಿದರು.

ಸಾಲವನ್ನೂ ಪುಸ್ತಕಗಳನ್ನೂ ಬಿಟ್ಟು 10 ಪೌಂಡಿಗಿಂತ ಹೆಚ್ಚು ಇಟ್ಟು ಸತ್ತರೆ ನನ್ನನ್ನು ಕಳ್ಳನೆಂದು ಕರೆಯಿರಿ ಎಂಬುದಾಗಿ ಅವರು 1743ರಲ್ಲಿಯೇ ಬರೆದಿದ್ದರು. ಮರಣಶಾಸನದಲ್ಲಿ, ಜೇಬಿನಲ್ಲಿಯೂ ಮೇಜಿನ ಸೆಳೆಖಾನೆಯಲ್ಲಿಯೂ ಉಳಿದ ನಾಣ್ಯಗಳನ್ನು ನಾಲ್ವರಿಗೆ ಹಂಚಬೇಕೆಂದು ಬರೆಸಿದರು. ಹೆಣದ ಗಾಡಿ ಬೇಡ, ಆಡಂಬರ ಬೇಡ. ಆರು ಜನ ಬಡವರು ಹೊರಲಿ, ತಲೆಗೆ ಒಂದರಂತೆ ಅವರಿಗೆ 6 ಪೌಂಡು ಕೊಡಿ, ಎಂದೂ ಇತ್ತು. 1791ರ ಮಾರ್ಚಿ 9ರಂದು, ಜನರ ನೂಕುನುಗ್ಗಲಿಗೆ ಹೆದರಿ, ಬೆಳಕು ಹರಿಯುವ ಮೊದಲೇ ಲಂಡನ್ನಿನ ಸಿಟಿ ರೋಡಿನ ಮಂದಿರದ ಹಿಂದೆ ಅವರನ್ನು ಮಣ್ಣು ಮಾಡಿದರು.